ಕಿಟಕಿ ಪಕ್ಕದ ಮಂಚದ ಮೈಕು

ಥೆಲ್ಮಾ ಎರಡು ಸಲ ಕೂಗಿದಳು. ವಾರ್ಡಿನ ನಡುವೆ ಮಂಡಿಯೂರಿ ಕೇಬಲ್ ಹಾಸುತ್ತಿದ್ದ ಟೀವಿಯವನು ತಿರುಗಿಯೂ ನೋಡಲಿಲ್ಲ.

ಅವಳು ಹೋಗಿ ಅವನೆದುರೇ ನಿಂತಳು. "ರೀ ಸ್ವಾಮಿ, ಲಂಡನ್ನಿನವರಿಗೆ ನರ್ಸುಗಳ ಮಾತು ಕಿವಿಗೆ ಬೀಳೋದಿಲ್ವಾ? ಈ ಹಗ್ಗ ಆ ಕಡೆ ಎಳ್ಕೊಳ್ಳಿ. ನನ್ನ ಔಷಧಿ ಗಾಡಿ ಹೋಗ್ಬೇಕು."

ಅವನು ತಲೆಯೆತ್ತಿ ಅವಳ ತುಟಿಗಳನ್ನೇ ನೋಡಿದ. ಆಮೇಲೆ ನಕ್ಕ. "ಲಂಡನ್ನಲ್ಲ. ಮ್ಯಾಂಚೆಸ್ಟರ್."

"ಹಾಗಾದ್ರೆ ಇನ್ನೂ ಕಷ್ಟ," ಎಂದಳು ಥೆಲ್ಮಾ; ಅವಳ ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ಸದಾ ಪೈಪೋಟಿ. ಹತ್ತಿರದ ಮಂಚದ ಮಕ್ಕಳು ಕಿಸಕ್ಕನೆ ನಕ್ಕರು.

ಅದು ಅರವತ್ತಾರರ ಡಿಸೆಂಬರ್. ಪ್ರತಿ ಕ್ರಿಸ್‌ಮಸ್ ಬೆಳಿಗ್ಗೆ ಟೀವಿಯವರು ಯಾವುದಾದರೊಂದು ಮಕ್ಕಳ ಆಸ್ಪತ್ರೆಯಿಂದ ನೇರಪ್ರಸಾರ ಮಾಡುತ್ತಿದ್ದರು. ಕಾಗದದ ಕಿರೀಟ ತೊಟ್ಟ ನಿರೂಪಕ ಮಂಚದಿಂದ ಮಂಚಕ್ಕೆ ಹೋಗಿ ಉಡುಗೊರೆ ಕೊಡುವುದನ್ನು, ಅಡುಗೆಮನೆಯಲ್ಲಿ ಹಬ್ಬದ ಟರ್ಕಿ ಕೋಳಿ ಬೇಯಲಿಟ್ಟು ಇಡೀ ದೇಶ ನೋಡುತ್ತಿತ್ತು. ಆ ವರ್ಷ ಥೆಲ್ಮಾಳ ವಾರ್ಡಿನ ಸರದಿ. ಶಬ್ದದ ಕೆಲಸಕ್ಕೆ ಬಂದವನು ಡೆರಿಕ್ ಹ್ಯಾಲಮ್.

ಸಿದ್ಧತೆಗೆಂದು ಅವನು ದಿನವೂ ಬರತೊಡಗಿದ. ಥೆಲ್ಮಾ ಮಾತಾಡುವಾಗಲೆಲ್ಲ ಅವನ ಕಣ್ಣು ಅವಳ ಬಾಯಿಯ ಮೇಲೇ ಇರುತ್ತಿತ್ತು. ಅವಳು ನಗುವ ಮೊದಲೇ ಅವನ ಮುಖದಲ್ಲಿ ನಗು ಮೂಡುತ್ತಿತ್ತು. ಮೇಟ್ರನ್ ಬೈಯುತ್ತಾರೆಂದು ಗೊತ್ತಿದ್ದೂ ಒಂದು ಬೆಳಿಗ್ಗೆ ಅವಳು ತೆಳ್ಳಗೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಳು.

"ಮಾತಾಡುವವರ ಕಣ್ಣು ನೋಡೋ ಪದ್ಧತಿ ನಿಮ್ಮೂರಲ್ಲಿಲ್ವಾ?" ಎಂದು ಕೆಣಕಿದಳು.

"ನಿಮ್ಮ ಕಣ್ಣು ನೋಡ್ತಾ ಕೂತ್ರೆ ಮಾತು ತಪ್ಪಿಹೋಗುತ್ತೆ."

ಅವಳ ಕಿವಿ ಕೆಂಪಾಯಿತು. ಅವನು ನಿಜವನ್ನೇ ಹೇಳಿದ್ದನೆಂದು ತಿಳಿದದ್ದು ವಾರ್ಡಿನ ಅಡುಗೆಮನೆಯಲ್ಲಿ. ಅವಳ ಕೈಯಿಂದ ಸ್ಟೀಲ್ ಟ್ರೇ ಜಾರಿ ಕಲ್ಲುನೆಲದ ಮೇಲೆ ಬಿತ್ತು. ಆ ಸದ್ದಿಗೆ ವಾರ್ಡಿನಲ್ಲಿ ಒಂದು ಕೂಸು ಬೆಚ್ಚಿ ಅತ್ತಿತು. ಬೆನ್ನು ಹಾಕಿ ನಿಂತಿದ್ದ ಡೆರಿಕ್ ಮಾತ್ರ ನೆಮ್ಮದಿಯಾಗಿ ಚಹಾಕ್ಕೆ ಸಕ್ಕರೆ ಕಲಕುತ್ತಿದ್ದ.

ಅವಳು ಸುತ್ತಿ ಬಂದು ಅವನ ಮುಂದೆ ನಿಂತಳು. "ಯಾವಾಗಿಂದ?"

ಅವನು ಚಮಚ ಕೆಳಗಿಟ್ಟ. "ಎಡಗಿವಿ ಪೂರ್ತಿ ಹೋಗಿದೆ. ಬಲಗಿವೀಲಿ ಚೂರು ಉಳಿದಿದೆ. ಹೋಗಿದ್ದು ಮತ್ತೆ ಬರಲ್ಲ ಅಂದ್ರು ಡಾಕ್ಟರು."

"ಶಬ್ದ ಕೇಳೋದೇ ನಿಮ್ಮ ಕೆಲಸ ಅಲ್ವಾ?"

"ನನಗೆ ಬೇರೇನೂ ಬರಲ್ಲ ಥೆಲ್ಮಾ. ಇದೊಂದು ಕಾರ್ಯಕ್ರಮ ಮುಗಿಸಿ ನಾನೇ ಬಿಡ್ತೀನಿ. ಯಾರಿಗೂ ಹೇಳ್ಬೇಡ."

ಅವನು ಮೊದಲ ಬಾರಿಗೆ ಅವಳನ್ನು ಹೆಸರು ಹಿಡಿದು ಕರೆದಿದ್ದ. ಹೇಳಬೇಕಾದವರಿಗೆ ಹೇಳದೆ ಥೆಲ್ಮಾ ಸುಮ್ಮನಾದದ್ದು ಆ ಒಂದು ಮಾತಿಗೆ.

ಕಿಟಕಿ ಪಕ್ಕದ ಮಂಚದಲ್ಲಿ ಗ್ಲೆನಿಸ್ ಇದ್ದಳು. ವೇಲ್ಸಿನ ಕಲ್ಲುಗಣಿಯ ಊರಿನ ಹುಡುಗಿ; ಹೃದಯದ ತೊಂದರೆಯಿಂದ ತುಟಿ ಯಾವಾಗಲೂ ನೀಲಿ. ಮಂಚ ಬಿಟ್ಟು ಏಳುವಂತಿರಲಿಲ್ಲ. ಜನವರಿಯಲ್ಲಿ ಆಪರೇಷನ್. ಕ್ರಿಸ್‌ಮಸ್‌ಗೆ ರೈಲಿಲ್ಲದ್ದರಿಂದ ಅವಳ ಅಪ್ಪ ಅಮ್ಮ ಪಕ್ಕದ ಮನೆಯ ಟೀವಿಯಲ್ಲಿ ಮಗಳನ್ನು ನೋಡುವವರಿದ್ದರು. ಅವಳು ತಮ್ಮ ವೆಲ್ಷ್ ಭಾಷೆಯಲ್ಲಿ ಹೇಳಲು ಒಂದು ಮಾತು ಕಲಿತಿಟ್ಟುಕೊಂಡಿದ್ದಳು: ಅಮ್ಮಾ, ನಂಗೆ ಭಯ ಇಲ್ಲ, ನೀನೂ ಹೆದರ್ಕೋಬೇಡ.

"ನನ್ನ ದನಿ ಸಣ್ಣದು," ಎಂದಳು ಹುಡುಗಿ.

ಡೆರಿಕ್ ಅವಳ ದಿಂಬಿನ ಪಕ್ಕ ಮೈಕು ಕಟ್ಟಿದ. "ಪಿಸುಗುಟ್ಟಿದ್ರೆ ಸಾಕು ಪುಟ್ಟಿ. ನಿಮ್ಮೂರಿಗೆ ತಲುಪಿಸೋದು ನನ್ನ ಕೆಲಸ."

ಕ್ರಿಸ್‌ಮಸ್ ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ನಡೆದಿತ್ತು. ಆದರೆ ಯಾರದೋ ಗಾಡಿಯ ಚಕ್ರಕ್ಕೆ ಸಿಕ್ಕಿ ಕಿಟಕಿ ಪಕ್ಕದ ಮೈಕಿನ ಕೇಬಲ್ ಸಡಿಲವಾಯಿತು. ನಿರೂಪಕ ಗ್ಲೆನಿಸಳ ಮುಂದೆ ಬಾಗಿದ. ಅವಳು ಕ್ಯಾಮೆರಾ ನೋಡಿ, ಉಸಿರು ಎಳೆದುಕೊಂಡು, ಕಲಿತದ್ದನ್ನೆಲ್ಲ ಹೇಳಿದಳು. ಹೊರಗಿನ ವ್ಯಾನಿನಿಂದ ಡೆರಿಕ್‌ನ ಹೆಡ್‌ಫೋನಿನಲ್ಲಿ ಯಾರೋ ಕಿರುಚುತ್ತಿದ್ದರು: ಆ ಮಂಚದಿಂದ ಶಬ್ದವಿಲ್ಲ, ಬೇರೆ ಮೈಕು ಕೊಡು. ಆ ಕಿರುಚಾಟವೂ ಅವನಿಗೆ ಮುಟ್ಟಲಿಲ್ಲ; ಅವನ ಕಿವಿಗೆ ಮಗುವಿನ ಮೆಲುದನಿಯೂ ಒಂದೇ, ಸತ್ತ ಮೈಕೂ ಒಂದೇ. ಅವನು ಗ್ಲೆನಿಸಳ ತುಟಿ ನೋಡುತ್ತ, ಶಭಾಷ್ ಎಂಬಂತೆ ಹೆಬ್ಬೆರಳೆತ್ತಿದ.

ಮಧ್ಯಾಹ್ನ ವಾರ್ಡಿಗೆ ಗ್ಲೆನಿಸಳ ಅಮ್ಮನ ಫೋನು ಬಂತು. "ಬಾಯಾಡಿಸಿದ್ದು ಕಾಣಿಸ್ತು ಸಿಸ್ಟರ್. ಏನಂದ್ಲು ನನ್ನ ಮಗಳು?"

ಗ್ಲೆನಿಸ್ ತನಗೆ ತಿಳಿಸಿದ್ದ ಆ ಮಾತನ್ನು ಥೆಲ್ಮಾ ತನ್ನ ಭಾಷೆಯಲ್ಲೇ ಹೇಳಿದಳು.

"ಒಳ್ಳೇದಾಯ್ತಮ್ಮ," ಎಂದಳು ಆ ತಾಯಿ. "ಅವಳ ದನೀಲಿ ಕೇಳಿದ್ರೆ ಚೆನ್ನಾಗಿತ್ತು."

"ಅಮ್ಮಂಗೆ ಕೇಳಿಸ್ತಾ?" ಎಂದು ಗ್ಲೆನಿಸ್ ಕೇಳಿದಾಗ ಥೆಲ್ಮಾ ಹೂಂ ಅಂದಳು. ಆಪರೇಷನ್‌ವರೆಗೆ ಆ ಹೃದಯ ಕಾಯಲಿಲ್ಲ. ರೈಲು ಮತ್ತೆ ಶುರುವಾದ ದಿನ ಅಪ್ಪ ಅಮ್ಮ ಹೊರಟರು. ಅವರು ಇನ್ನೂ ದಾರಿಯಲ್ಲಿರುವಾಗಲೇ ಹುಡುಗಿ ಹೋಗಿಬಿಟ್ಟಳು.

ಡೆರಿಕ್ ಕಚೇರಿಯಲ್ಲಿ ಎಲ್ಲ ಒಪ್ಪಿಕೊಂಡು ಕೆಲಸ ಬಿಟ್ಟ. ಹೊಸ ವರ್ಷದಲ್ಲಿ ನದಿಯಾಚೆಯ ಅಣ್ಣನ ಮರಗೆಲಸದ ಅಂಗಡಿಗೆ ಹೊರಟಾಗ ಹೇಳಿ ಹೋಗಲು ಬಂದ. ಫೆರಿ ಕಟ್ಟೆಯ ಮೇಲೆ ಇಬ್ಬರೂ ನಿಂತರು. ಮರ್ಸಿ ನದಿಯ ಗಾಳಿ ಮುಖ ಕೊರೆಯುತ್ತಿತ್ತು.

"ನಿನ್ನ ಹೆಸರು ಯಾರಿಗೂ ಹೇಳಿಲ್ಲ," ಎಂದ.

"ಹೇಳ್ಬೇಕಿತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದವಳು ನಾನು."

"ಅದಕ್ಕೇ ಹೋಗ್ತಿದ್ದೀನಿ ಥೆಲ್ಮಾ. ನಿನ್ನ ನೋಡಿದ್ರೆ ನಂಗೆ ಆ ಮಗು ಕಾಣುತ್ತೆ. ನನ್ನ ನೋಡಿದ್ರೆ ನಿಂಗೆ?"

ಅವಳು ಸುಳ್ಳು ಹೇಳಲಾರದೆ ತಲೆ ತಗ್ಗಿಸಿದಳು. ಆಮೇಲೆ ಮುಖವೆತ್ತಿ, "ಆದ್ರೂ ಒಂದು ಮಾತು ಕೇಳು," ಎಂದಳು.

ಏನು ಹೇಳುತ್ತಾಳೆಂದು ಅವನಿಗೆ ತಿಳಿದುಹೋಯಿತು. ಅವನು ಕಣ್ಣು ಮುಚ್ಚಿಕೊಂಡ. ಅವನ ಪಾಲಿಗೆ ಕಿವಿ ಮುಚ್ಚಿಕೊಳ್ಳುವುದೆಂದರೆ ಅದೇ.

ಥೆಲ್ಮಾ ಅವನ ತಣ್ಣನೆಯ ಕೈ ಹಿಡಿದು, ಮಫ್ಲರ್ ಸರಿಸಿ, ತನ್ನ ಗಂಟಲಿನ ಮೇಲೆ ಒತ್ತಿಕೊಂಡಳು. "ನಿನ್ನ ಪ್ರೀತಿಸ್ತೀನಿ ಡೆರಿಕ್. ಹೋಗ್ಬೇಡ."

ಅವಳ ದನಿ ಅವನ ಬೆರಳುಗಳಲ್ಲಿ ನಡುಗಿತು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು.

"ಇನ್ನೊಂದ್ಸಲ ಹೇಳು."

ಅವಳು ಹೇಳಿದಳು. ಫೆರಿಯ ಹಲಗೆ ಧಡ್ಡೆಂದು ಕಟ್ಟೆಗೆ ಬಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅವಳ ಮಫ್ಲರ್ ಮತ್ತೆ ಬಿಗಿಯಾಗಿ ಸುತ್ತಿ, ಅದರ ತುದಿಯನ್ನು ಕೋಟಿನೊಳಗೆ ಸೇರಿಸಿ, ಹಲಗೆ ಹತ್ತಿ ಹೋದ.

ಫೆರಿ ಆಚೆ ದಡ ಸೇರುವವರೆಗೂ ಅವನು ಹಿಂಬದಿಯ ಕಂಬಿ ಹಿಡಿದು ಇತ್ತಲೇ ನೋಡುತ್ತಿದ್ದ. ಅಷ್ಟು ದೂರಕ್ಕೆ ತುಟಿ ಕಾಣುವುದಿಲ್ಲವೆಂದು ಗೊತ್ತಿದ್ದೂ ಥೆಲ್ಮಾ ಮಾತಾಡುತ್ತಲೇ ಇದ್ದಳು.