ಎಡತಿರುವಿನ ಹಾರ್ನ್

ಟೋಪಿ ತಲೆಗೇರಿದ ಕೂಡಲೇ ಫಕೀರವ್ವ ಮಡಿವಾಳರ ಎಂಬಾಕೆಯ ಕೈಗಳು ತಾವಾಗಿಯೇ ಚುರುಕಾದವು. ಎಡಗೈ ಸ್ಟಿಯರಿಂಗ್ ಮೇಲೆ ಕೂತಿತು, ಬಲಗೈ ಎತ್ತುವ ಹಿಡಿಕೆಗೆ ಹೋಯಿತು, ಫೋರ್ಕ್‌ಲಿಫ್ಟಿನ ಎರಡು ಉಕ್ಕಿನ ತೋಳುಗಳು ಸಕ್ಕರೆ ಮೂಟೆಗಳ ಹಲಗೆಯಡಿ ಮೆಲ್ಲಗೆ ನುಗ್ಗಿದವು. ಜೀವಮಾನದಲ್ಲಿ ಸೈಕಲ್ಲನ್ನೂ ತುಳಿಯದ ಹೆಂಗಸು ಇಪ್ಪತ್ತು ವರ್ಷದ ಚಾಲಕಿಯಂತೆ ಗಾಡಿ ನಡೆಸುತ್ತಿದ್ದಳು. ಮುಖದ ದಣಿವು ಮಾತ್ರ ಹಾಗೇ ಇತ್ತು. ಅದನ್ನು ಇಳಿಸುವ ಟೋಪಿಯನ್ನು ಇನ್ನೂ ಯಾರೂ ಮಾಡಿರಲಿಲ್ಲ.

ಇದರ ಹೆಸರು ಕೈರೂಢಿ ಟೋಪಿ. ನುರಿತ ಚಾಲಕನೊಬ್ಬ ಕೆಲಸ ಮಾಡುವಾಗ ಮಿದುಳಿನಿಂದ ಕೈಗೆ ಹೋಗುವ ಸಂಕೇತಗಳನ್ನು ಇದು ತಿಂಗಳುಗಟ್ಟಲೆ ದಾಖಲಿಸಿಕೊಳ್ಳುತ್ತದೆ. ಆಮೇಲೆ ಅವನ್ನೇ ಕಲಿಯುವವರ ಮಿದುಳಿಗೆ ಸ್ವಲ್ಪಸ್ವಲ್ಪವಾಗಿ ಊಡುತ್ತದೆ. ಮೂರು ದಿನ ಧರಿಸಿದರೆ ರೂಢಿ ಕೈಯಲ್ಲಿ ನೆಲೆಸುತ್ತದೆ, ಟೋಪಿ ತೆಗೆದರೂ ಹೋಗುವುದಿಲ್ಲ. ಕಾಲಿನ ಕೆಲಸವನ್ನು ಈ ಟೋಪಿ ರೂಪಿಸಿದ ಡಾ. ಮೃಣಾಲಿನಿ ಕಟ್ಟಿಯವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಂದು ಪೆಡಲ್ ಒತ್ತಿ ಹಿಡಿದರೆ ಗಾಡಿ ನಡೆಯುತ್ತದೆ, ಕಾಲು ತೆಗೆದರೆ ಬಂದಾಗುತ್ತದೆ. ಅದನ್ನು ಕಲಿಸಲು ವಿಜ್ಞಾನ ಬೇಕೆ ಎಂದುಕೊಂಡಿದ್ದರು.

ಧಾರವಾಡದ ಹೊರಗಿನ ಆ ಗೋದಾಮಿನಲ್ಲಿ ಫಕೀರವ್ವ ಹನ್ನೊಂದು ವರ್ಷ ಮೂಟೆ ಹೊತ್ತಿದ್ದಳು. ಸೊಂಟ ಸೋತುಹೋಗಿತ್ತು. ಚಾಲನಾ ಪರವಾನಗಿ ಸಿಕ್ಕರೆ ಕೂತು ಮಾಡುವ ಕೆಲಸ, ಇಲ್ಲದಿದ್ದರೆ ಮನೆ ಎಂದು ಮ್ಯಾನೇಜರು ಹೇಳಿಯಾಗಿತ್ತು. ಪರೀಕ್ಷೆಗೆ ಮೂರೇ ಅವಕಾಶ. ಎರಡು ಮುಗಿದಿದ್ದವು.

ಎರಡೂ ಸಲ ಆದದ್ದು ಒಂದೇ. ಎಡಕ್ಕೆ ತಿರುಗುವ ಕಡೆ ಕೈಗಳು ಕಾರಣವಿಲ್ಲದೆ ಎತ್ತಿದ ಭಾರ ತಗ್ಗಿಸಿ, ಎರಡು ಸಲ ಹಾರ್ನ್ ಒತ್ತುತ್ತಿದ್ದವು. ಟೋಪಿಯಿಂದ ಕಲಿತವರೆಲ್ಲ ಹಾಗೇ ಮಾಡುತ್ತಿದ್ದರು. ಅವರಿಗೆ ಎರಡು ಅಂಕ ಕಡಿತ, ಅಷ್ಟೇ. ಫಕೀರವ್ವನ ಗಾಡಿ ಮಾತ್ರ ಹಾರ್ನ್ ಆದ ಮರುಕ್ಷಣ ಪೂರ್ತಿ ಬಂದಾಗುತ್ತಿತ್ತು. ಪರೀಕ್ಷೆಯ ನಡುವೆ ಗಾಡಿ ಬಂದಾದರೆ ನಪಾಸು.

ಈ ಹಾರ್ನಿನ ಮೂಲ ಹುಡುಕಿಕೊಂಡು ಮೃಣಾಲಿನಿಯವರು, ಯಾರ ಕೈಯನ್ನು ದಾಖಲಿಸಿದ್ದರೋ ಆ ಗೋದಾಮಿನ ನಿವೃತ್ತ ಚಾಲಕ ಮೌಲಾಸಾಬ ನದಾಫರಿಗೆ ಫೋನ್ ಮಾಡಿದರು. ತಾನು ಎಲ್ಲೂ ಹಾಗೆ ನಿಲ್ಲಿಸಿ ಹಾರ್ನ್ ಒತ್ತುತ್ತಿರಲಿಲ್ಲ, ನಿಲ್ಲಿಸಲು ಪುರಸೊತ್ತಾದರೂ ಎಲ್ಲಿತ್ತು ಎಂದು ಅವರು ಆಣೆ ಮಾಡಿ ಹೇಳಿದರು. ರೂಢಿ ಎಂದರೆ ಅದೇ ತಾನೆ, ಇದ್ದವನಿಗೇ ಗೊತ್ತಿರುವುದಿಲ್ಲ.

ಕೊನೆಗೆ ಫಕೀರವ್ವನನ್ನೇ ಕೂರಿಸಿ ಪರೀಕ್ಷೆಯ ವಿಡಿಯೊ ತೋರಿಸಿದರು. ಪರದೆಯ ಮೇಲೆ ಅವಳ ಹೆಬ್ಬೆರಳು ಹಾರ್ನ್ ಒತ್ತಿತು; ಒತ್ತಿದ್ದೇ ತಡ, ಎರಡೂ ಕಾಲು ಪೆಡಲ್ ಬಿಟ್ಟು ಸೀಟಿನಡಿ ಮಡಚಿಕೊಂಡವು. ಫಕೀರವ್ವ ನಕ್ಕಳು. ನಗುವುದಕ್ಕೂ ಸೊಂಟ ಹಿಡಿದುಕೊಳ್ಳಬೇಕಾಯಿತು.

ಅವಳು ಹೇಳಿದ್ದು ಇಷ್ಟು. ಗೋದಾಮಿನ ಎಡತಿರುವಿನ ಗೋಡೆಗೆ ಮಧ್ಯಾಹ್ನ ನೆರಳು. ಮೂಟೆ ಹೊರುವ ಹೆಂಗಸರು ಕಾಲು ಚಾಚಿ ಕೂತು ಉಣ್ಣುತ್ತಿದ್ದದ್ದು ಅಲ್ಲೇ. ಒಮ್ಮೆ ಮೌಲಾಸಾಬರ ಗಾಡಿ ದ್ಯಾಮವ್ವನ ಬುತ್ತಿಗಂಟಿನ ಮೇಲೆ ಹರಿಯಿತು. ಆ ಮನುಷ್ಯ ಇಳಿದು ಬಂದು, ತನ್ನ ಡಬ್ಬಿಯನ್ನು ಅವಳ ಮುಂದಿಟ್ಟು, ತಾನು ಉಪವಾಸ ಕೆಲಸಕ್ಕೆ ಹೋದ. ಮರುದಿನದಿಂದ ಆ ತಿರುವಿನಲ್ಲಿ ಭಾರ ತಗ್ಗಿಸಿ ಎರಡು ಹಾರ್ನ್. ಹೆಂಗಸರು ಕಾಲು ಎಳೆದುಕೊಂಡು ಬುತ್ತಿ ಮಡಿಲಿಗೆ ಹಾಕಿಕೊಳ್ಳುವಷ್ಟು ಹೊತ್ತು ಕಾಯುತ್ತಿದ್ದ. ಹೀಗೆ ಒಂಬತ್ತು ವರ್ಷ.

"ಹಾರ್ನ್ ಕೇಳಿದ್ರ ಕಾಲು ತಾವ ಒಳಗ ಬರ್ತಾವ್ರಿ ಮೇಡಮ್ಮಾರ," ಎಂದಳು ಫಕೀರವ್ವ. "ಕೈ ಮೌಲಾಸಾಬಂದಾತು, ಕಾಲು ನಂದ ಉಳೀತು."

ಮೃಣಾಲಿನಿಯವರು ವಿಡಿಯೊ ನಿಲ್ಲಿಸಿದರು. ಆಮೇಲೆ ವಿಷಯ ವಿವರಿಸಿದರು. ಕಾಲಿನ ರೂಢಿ ಟೋಪಿಯಿಂದ ಬಂದದ್ದಲ್ಲ, ಅದನ್ನು ಅಳಿಸಲಾಗದು. ಕೈಯಲ್ಲಿರುವ ಹಾರ್ನನ್ನು ಒಂದು ಗಂಟೆಯಲ್ಲಿ ಅಳಿಸಬಹುದು. ಫಕೀರವ್ವನಿಗೆ ಸಂಕಟವಾಯಿತು, ಯಾರದೋ ಒಳ್ಳೆಯತನವನ್ನು ಒರೆಸಿ ಹಾಕಿದಂತೆ. ಆದರೂ ಅಳಿಸಿರಿ ಎಂದಳು. ಸೊಂಟ ಅವಳದಲ್ಲವೆ.

ಮೂರನೆಯ ಪರೀಕ್ಷೆಯಲ್ಲಿ ತೊಂಬತ್ತೊಂದು ಅಂಕ ಬಂದು ಪರವಾನಗಿ ಕೈಸೇರಿತು. ಪರೀಕ್ಷಕರಿಗೆ ಹಾರ್ನಿಲ್ಲದ ರೂಢಿ ಎಷ್ಟು ಹಿಡಿಸಿತೆಂದರೆ, ಮಿಕ್ಕ ನಾಲ್ವರು ಚಾಲಕರಿಗೂ ಅದನ್ನೇ ಕೊಡಿಸಿದರು. ಸೋಮವಾರದಿಂದ ಗಾಡಿಗಳೆಲ್ಲ ಆ ಹಾರ್ನಿಲ್ಲದೆ ಓಡಬೇಕಿತ್ತು.

ಅದೇ ಸೋಮವಾರ ಮಧ್ಯಾಹ್ನ ಫಕೀರವ್ವ ಮೊದಲ ಸಲ ಭಾರ ಎತ್ತಿಕೊಂಡು ಎಡತಿರುವಿಗೆ ಬಂದಳು. ಅಲ್ಲಿ ಅವಳ ಜೊತೆಯವರು ಕೂತಿದ್ದರು. ಗೋದಾಮಿಗೆ ಟೋಪಿ ಬಂದಿದ್ದರೂ ಊಟಕ್ಕೊಂದು ಕೋಣೆ ಬಂದಿರಲಿಲ್ಲ. ದ್ಯಾಮವ್ವ ಉಂಡು ಗೋಡೆಗೊರಗಿ, ಕಾಲು ಚಾಚಿ, ಕಣ್ಣು ಮುಚ್ಚಿದ್ದಳು. ಗಾಡಿ ಬಂದರೆ ಹಾರ್ನ್ ಆಗುತ್ತದೆ ಎಂಬ ಧೈರ್ಯ. ಬ್ಯಾಟರಿ ಗಾಡಿಗೆ ಬೇರೆ ಸದ್ದೂ ಇಲ್ಲ. ಫಕೀರವ್ವನ ಕಲಿತ ಕೈಗಳು ಸ್ಟಿಯರಿಂಗನ್ನು ಸಲೀಸಾಗಿ ಎಡಕ್ಕೆ ತಿರುಗಿಸಿದವು.

ಅವಳು ದ್ಯಾಮವ್ವನ ಚಾಚಿದ ಕಾಲು ಕಂಡಳು. ತನ್ನದಲ್ಲದ ಹೆಬ್ಬೆರಳನ್ನು ಬಲವಂತದಿಂದ ಎತ್ತಿ ಹಾರ್ನ್ ಮೇಲೆ ಒತ್ತಿದಳು. ಎರಡು ಸಲ. ಅವಳ ಕಾಲುಗಳು ಪೆಡಲ್ ಬಿಟ್ಟು ಮಡಚಿಕೊಂಡವು. ಗಾಡಿ ದ್ಯಾಮವ್ವನ ಪಾದದಿಂದ ಗೇಣು ದೂರದಲ್ಲಿ ಬಂದಾಯಿತು. ದ್ಯಾಮವ್ವ ಕಣ್ಣನ್ನೂ ತೆರೆಯದೆ ಕಾಲು ಎಳೆದುಕೊಂಡಳು.

ಗಾಡಿಯ ಪರದೆ, ಅನಗತ್ಯ ನಿಲುಗಡೆಗೆ ಕಾರಣವೇನು ಎಂದು ಕೇಳಿತು. ಫಕೀರವ್ವ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಊಟಕ್ಕ ಕುಂತಾರ.

ಮರುದಿನ ಅದನ್ನು ಓದಿ ಮೃಣಾಲಿನಿಯವರೇ ಗೋದಾಮಿಗೆ ಬಂದರು. ಅಳಿಸಿದ ರೂಢಿ ಮತ್ತೆ ಮರಳಿತೇ ಎಂದು ಕೇಳಿದರು.

"ಇಲ್ರಿ. ಅದು ನಾನ ಒತ್ತಿದ್ದು."

ಮೃಣಾಲಿನಿಯವರು ಹೋಗಿ ಆ ಗೋಡೆಯ ನೆರಳಿನಲ್ಲಿ ಕೂತ ಹೆಂಗಸರನ್ನು ನೋಡಿ ಬಂದರು. ಅದೇ ವಾರ ನಾಲ್ವರು ಚಾಲಕರ ಕೈಗೂ ಮೌಲಾಸಾಬರ ಹಾರ್ನ್ ಮರಳಿ ಬಂತು. ಐದನೆಯವಳಾದ ತನ್ನ ಬಳಿಗೆ ಟೋಪಿ ಹಿಡಿದು ಬಂದಾಗ ಫಕೀರವ್ವ ತನಗೆ ಬೇಡವೆಂದಳು. ಎಡತಿರುವು ಬಂದಾಗಲೆಲ್ಲ ತಾನೇ ಹಾರ್ನ್ ಒತ್ತುತ್ತಾಳೆ, ಕಾಲು ಮಡಚಿಕೊಳ್ಳುತ್ತವೆ, ಗಾಡಿ ಬಂದಾಗುತ್ತದೆ. ಹೆಂಗಸರೆಲ್ಲ ಸರಿದರೇ ಎಂದು ನೋಡಿ, ಮತ್ತೆ ಚಾಲೂ ಮಾಡಿಕೊಂಡು ಮುಂದೆ ಹೋಗುತ್ತಾಳೆ.