ಮುಚ್ಚಳದ ಮೇಲಿನ ಮೆತ್ತನೆಯ ಬಣ್ಣ

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ರಜೆ ಮುಗಿದು ಹಡಗಿಗೆ ಅದಿರು ಸಾಗಿಸುವ ಬೆಲ್ಟು ಓಡತೊಡಗಿದ ಬೆಳಿಗ್ಗೆಯೇ ಟ್ರಾನ್ಸ್‌ಫಾರ್ಮರು ಕೈಕೊಟ್ಟಿತು. ವಾಸ್ಕೋದ ಧಕ್ಕೆಯಲ್ಲಿ ಅರ್ಧ ತುಂಬಿದ ಹಡಗು ಹಾಗೇ ನಿಂತಿತು. ಟ್ರಾನ್ಸ್‌ಫಾರ್ಮರಿನೊಳಗಿನ ದ್ರವ ಪರೀಕ್ಷಿಸಿದ ಊರಿನ ಲ್ಯಾಬು ಒಂದೇ ಮಾತಿನಲ್ಲಿ ಕೈತೊಳೆದುಕೊಂಡಿತು — ನೀರು ಸೇರಿದೆ!

ಹಾಗಾದರೆ ತಪ್ಪು ಯಾರದು? ಅದರೊಳಗೆ ಹೋಗುವ ಗಾಳಿಯ ತೇವ ಹೀರುವ ಹರಳುಗಳ ಡಬ್ಬಿ ನೋಡಿಕೊಳ್ಳುವವನು ದಸ್ತಗೀರ. ನೀಲಿ ಇರಬೇಕಾದ ಹರಳುಗಳು ತೇವ ತುಂಬಿ ಗುಲಾಬಿಗೆ ತಿರುಗಿದ್ದವು. ಬಡವನ ಮೇಲೆ ಗೂಬೆ ಕೂರಿಸಲು ಇಷ್ಟು ಸಾಕಲ್ಲ! ಕೆಲಸದ ಜೊತೆ ಕಂಪನಿಯ ಖೋಲಿಯನ್ನೂ ಬಿಡಬೇಕೆಂದು ಮ್ಯಾನೇಜರು ಹೇಳಿಬಿಟ್ಟರು. ಖೋಲಿಯಲ್ಲಿ ಬಾಣಂತಿ ಮಗಳು ಮೆಹಬೂಬಿ ಮಲಗಿದ್ದಳು. ದಸ್ತಗೀರನಿಗೆ ದಿಕ್ಕೇ ತೋಚಲಿಲ್ಲ.

ಅಷ್ಟರಲ್ಲಿ ವಿಮಾ ಕಂಪನಿಯವರು ಹುಬ್ಬಳ್ಳಿಯಿಂದ ಪರೀಕ್ಷಕಿ ಖುರ್ಷಿದಾಬೇಗಂ ಅವರನ್ನು ಕಳಿಸಿದರು. ದ್ರವದ ಮಾದರಿಯನ್ನು ಅವರು ಮೊದಲೇ ತರಿಸಿಕೊಂಡು ಪರೀಕ್ಷಿಸಿದ್ದರು.

"ಹರಳು ಯಾಕ ಬದ್ಲಿಸಿಲ್ಲ?" ಎಂದು ಬೇಗಂ ದಸ್ತಗೀರನನ್ನು ಕೇಳಿದರು.

"ಹೊಸಾವು ಬಂದಿದ್ದಿಲ್ರಿ ಬಾಯಾರ. ಫೋರಮನ್ ಕಂಠೆಪ್ಪಣ್ಣಗ ಹೇಳಿದ್ನಿರಿ."

"ಹೇಳಿದ್ದ ಹೌದ್ರಿ," ಎಂದ ಪಕ್ಕದಲ್ಲಿದ್ದ ಕಂಠೆಪ್ಪ, ನೆಲ ನೋಡುತ್ತ.

ಬೇಗಂ ಲ್ಯಾಬಿನ ವರದಿಯನ್ನು ಮಡಚಿಟ್ಟರು. "ಇವರು ಮಾಮೂಲಿ ಎಣ್ಣಿ ಲೆಕ್ಕ ಹಿಡದಾರ. ಇದರಾಗಿರೂದು ಎಸ್ಟರ್. ಲಗೂ ಬೆಂಕಿ ಹತ್ತಬಾರದಂತ ಹಾಕೂ ಬ್ಯಾರೆ ದ್ರವ. ಎಣ್ಣಿಗಿಂತ ಎಷ್ಟೋ ಪಟ್ಟು ನೀರು ಕುಡದ್ರೂ ತಡಕೊಂತೈತಿ."

"ಹಂಗಾರ ನಂದೇನ ತಪ್ಪಿಲ್ಲೇನ್ರಿ?"

"ನೀರಿಂದಲ್ಲ ಇದು. ದ್ರವ ಒಂದ ಕಡೆ ವಿಪರೀತ ಕಾದಾಗ ಹುಟ್ಟೂ ಗ್ಯಾಸ್ ಸಿಕ್ಕೈತಿ. ಒಳಗ ಯಾವುದೋ ಜೋಡಣಿ ಸಡ್ಲಾಗೇತಿ."

ಪೂಜೆಗೆ ಮುಂಚೆ ಯಂತ್ರಗಳಿಗೆಲ್ಲ ಹೊಸ ಬಣ್ಣ ಬಳಿಯುವುದು ಅಲ್ಲಿನ ರೂಢಿ. ಬೇಗಂ ಏಣಿ ಹತ್ತಿ ಟ್ರಾನ್ಸ್‌ಫಾರ್ಮರಿನ ಬಣ್ಣವನ್ನು ಅಲ್ಲಲ್ಲಿ ಉಗುರಿನಿಂದ ಕೆರೆದರು. ಬದಿಗಳಲ್ಲಿ ಬಣ್ಣ ಗಟ್ಟಿ. ಮೇಲಿನ ಮುಚ್ಚಳದ ಸುತ್ತ ಮಾತ್ರ ಹಾಲಿನ ಕೆನೆಯಂತೆ ಎದ್ದು ಬಂತು!

"ಬಣ್ಣ ಹಚ್ಚಿದವರು ಯಾರು?"

"ನಾನ ರೀ. ಎಲ್ಲಾ ಒಂದ ದಿನ, ಒಂದ ಡಬ್ಬಿ," ಎಂದ ದಸ್ತಗೀರ.

"ಪೂಜಾ ಆದಮ್ಯಾಲೆ ಇಲ್ಲಿ ಯಾರಿದ್ರು?"

ದಸ್ತಗೀರನ ಕಣ್ಣು ಕಂಠೆಪ್ಪನತ್ತ ಹೊರಳಿತು. ತನ್ನನ್ನು ಊರಿಂದ ಕರೆತಂದು, ಕೆಲಸ ಕೊಡಿಸಿ, ಅನ್ನ ಹಾಕಿದವನ ಹೆಸರನ್ನು ಹೇಗೆ ಹೇಳುವುದು?

ಬೇಗಂ ಕೆಳಗಿಳಿದರು. "ಎಸ್ಟರ್ ತಾಗಿದ್ರ ಸಾದಾ ಬಣ್ಣ ಮೆತ್ತಗಾಗತೈತಿ. ಎಲ್ಲಾರೂ ಹರಳು ನೋಡಿದ್ರಿ, ಮುಚ್ಚಳಾ ಯಾರೂ ಮುಟ್ಲಿಲ್ಲ. ಬಣ್ಣ ಹಚ್ಚಿದ ಮ್ಯಾಲೆ ಯಾರೋ ಅದನ್ನ ತಗದು ಒಳಗ ಕೈ ಹಾಕ್ಯಾರ, ದ್ರವ ಚೆಲ್ಲೈತಿ. ರಜಾದಾಗ ಈ ಅಂಗಳದ ಬೀಗದ ಕೈ ನಿಮ್ಮ ಹಂತೇಕನ ಇತ್ತಂತ ಗೇಟಿನ ಪುಸ್ತಕದಾಗ ಐತಲ್ರಿ, ಕಂಠೆಪ್ಪನವರ?"

ಮುಚ್ಚಳ ತೆಗೆಸಿದರೆ — ಸಡಿಲ ಬೋಲ್ಟಿನ ಸುತ್ತ ತಾಮ್ರದ ಪಟ್ಟಿ ಸುಟ್ಟು ಕಪ್ಪಾಗಿತ್ತು.

ಕಂಠೆಪ್ಪ ಏಣಿಯ ಕೆಳಮೆಟ್ಟಿಲ ಮೇಲೆ ಕುಳಿತ. "ವೋಲ್ಟೇಜ್ ಕಡಿಮಿ ಬರಾಕತ್ತಿತ್ರಿ. ಹಡಗ ಬರೂದರಾಗ ಜೋಡಣಿ ಬದ್ಲಿಸಿ ಸರಿ ಮಾಡೂನಂತ ಹೋದ್ನಿ. ಅವಸರದಾಗ ಬಿಗಿಯೂದು ತಪ್ತು. ಆಮ್ಯಾಲೆ ಹೆದರಿಕಿ ಬಂತ್ರಿ, ಬಾಯಿ ಬರಲಿಲ್ಲ."

ದಸ್ತಗೀರ ಅವನೆದುರು ಬಂದು ನಿಂತ. "ತಪ್ಪು ಯಾರರೆ ಮಾಡ್ತಾರಣ್ಣ. ಮುಂಜಾನಿ ನಾ ಖೋಲಿ ಬಿಡಾಕಂತ ಗಂಟು ಕಟ್ಟಾಕತ್ತಾಗ ನೀನ ಹಗ್ಗ ತಂದ ಕೊಟ್ಟೆಲ್ಲ... ಆವಾಗರೆ ಹೇಳಬೇಕಿಲ್ಲೇನು?"

ಕಂಠೆಪ್ಪ ಕಣ್ಣೊರೆಸಿಕೊಂಡು ಎದ್ದು, ಯಾರೂ ಹೇಳದೆಯೇ ಮ್ಯಾನೇಜರ ಕೋಣೆಯತ್ತ ನಡೆದ. ದಸ್ತಗೀರನಿಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಒಬ್ಬನನ್ನೇ ಕಳಿಸಲು ಮನಸ್ಸು ಬಾರದೆ ಅವನ ಹಿಂದೆಯೇ ಹೊರಟ.