ದೃಷ್ಟಿಗುಂಬಳದ ಸಂಡಿಗೆ

"ಅದನ್ನ ಮುಟ್ಬ್ಯಾಡ ಕಣಮ್ಮ, ತುಂಬ್ಕೊಂಡೈತೆ," ಎಂದರು ಪಾರ್ವತಮ್ಮ.

ಮೆಟ್ಟಿಲ ಕೆಳಗೆ ಗೋಣಿತಾಟಿನ ಮೇಲಿದ್ದ ಬೂದುಗುಂಬಳದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ತನ್ಮಯಿ ತಲೆಯೆತ್ತಿ ನಕ್ಕಳು. "ಏನ್ ತುಂಬ್ಕೊಂಡಿದೆ ಅಜ್ಜಿ, ನೀರಾ?"

"ಕಣ್ಣು."

ಯುಗಾದಿಯ ಹಿಂದಿನ ಅಮಾವಾಸ್ಯೆ. ಅರೆಕೆರೆಯ ಆ ಕ್ರಾಸಿನಲ್ಲಿ ಮನೆಮನೆಯ ಮುಂದೂ ತೊಳೆದ ನೀರು ಹರಿಯುತ್ತಿತ್ತು. ಮನೆಯೊಡತಿ ಪಾರ್ವತಮ್ಮ ಬೆಳಿಗ್ಗೆಯೇ ಮಗ ರೇವಂತನ ಕೈಲಿ ಬಾಗಿಲ ಮೇಲಿನ ಹಳೆಯ ದೃಷ್ಟಿಕಾಯಿಯನ್ನು ಇಳಿಸಿದ್ದರು. ದೀಪಾವಳಿಯಲ್ಲಿ ಯಲ್ಲಯ್ಯನೆಂಬ ಮಂತ್ರವಾದಿಯನ್ನು ಕರೆಸಿ, ಕರಿದಾರಕ್ಕೆ ಏಳು ಗಂಟು ಹಾಕಿಸಿ ಕಟ್ಟಿಸಿದ ಕಾಯಿ ಅದು. ಮನೆಯ ಮೇಲೆ ಬೀಳುವ ಹೊಟ್ಟೆಕಿಚ್ಚಿನ ನೋಟವನ್ನೆಲ್ಲ ಅದೇ ಕುಡಿಯಬೇಕು. ಸಂಜೆ ರೇವಂತ ಅಂಗಡಿಯಿಂದ ಬಂದು, ಮೂರು ದಾರಿ ಕೂಡುವಲ್ಲಿ ಅದನ್ನು ಒಡೆದು, ಹಿಂದಿರುಗಿ ನೋಡದೆ ಬರಬೇಕು.

"ಐದು ತಿಂಗಳು ಬಿಸಿಲಲ್ಲಿ ತೂಗಿದ್ರೂ ಒಂಚೂರೂ ಕೊಳೆತಿಲ್ಲ ನೋಡಿ. ಇಂಥ ಕಾಯಿನ ರೋಡಲ್ಲಿ ಒಡೀತೀರಲ್ಲ! ಹುಳಿ ಮಾಡಿದ್ರೆ ಹತ್ತು ಜನಕ್ಕಾಗತ್ತೆ."

"ಕೊಳೀದೇ ಇರೋದೇ ನಂಗೆ ದಿಗಿಲು. ಒಳಗಿರೋದು ಅದನ್ನ ಕೊಳೆಯಕ್ಕೆ ಬಿಟ್ಟಿಲ್ಲ." ಮುದುಕಿ ಸೆರಗಿನಿಂದ ಬಾಯಿ ಒತ್ತಿಕೊಂಡರು. "ತಿನ್ನೋ ವಸ್ತು ಅಲ್ಲ ಅದು. ಮೇಲಕ್ ಹೋಗು ತಾಯಿ."

ತನ್ಮಯಿ ಮೇಲಕ್ಕೆ ಹೋದಳು. ಹೋಗುವಷ್ಟರಲ್ಲಿ ಮನಸ್ಸು ಮಾಡಿಯಾಗಿತ್ತು.

ಹನುಮಂತನಗರದಲ್ಲಿ ಹುಟ್ಟಿ ಬೆಳೆದ ಅವಳು ಗಂಡ ಆಶ್ರಿತ್ ಮತ್ತು ಆರು ವರ್ಷದ ಮಗಳು ಸಿರಿಯೊಂದಿಗೆ ಈ ಮಹಡಿಮನೆಗೆ ಬಂದು ಐದೇ ತಿಂಗಳು. ಆಶ್ರಿತ್ ತಿಂಗಳಲ್ಲಿ ಮೂರು ವಾರ ಪುಣೆಯಲ್ಲಿರುತ್ತಿದ್ದ. ಬಿಡುವಿನಲ್ಲಿ ತನ್ಮಯಿ ಅಡುಗೆಯ ವಿಡಿಯೊ ಮಾಡುತ್ತಿದ್ದಳು. ಚಾನೆಲ್ಲಿನ ಹೆಸರು 'ಬಿಸಾಡಬೇಡಿ'. ಕಲ್ಲಂಗಡಿ ಸಿಪ್ಪೆಯ ದೋಸೆ, ಬಾಳೆಹಣ್ಣಿನ ಸಿಪ್ಪೆಯ ಪಲ್ಯ, ಹೂಕೋಸಿನ ದಂಟಿನ ಹುಳಿ, ಹಲಸಿನ ಬೀಜದ ಹೋಳಿಗೆ. ಊರೆಲ್ಲ ಎಸೆಯುವುದನ್ನು ಅವಳು ಬೇಯಿಸಿ ತೋರಿಸುತ್ತಿದ್ದಳು. ಕಾಣದ ಸಾವಿರಾರು ಜನ ಸೂಪರ್ ಮೇಡಂ ಎನ್ನುತ್ತಿದ್ದರು. ಸಿರಿಯೊಬ್ಬಳು ಮಾತ್ರ ತಟ್ಟೆ ತಳ್ಳಿಬಿಡುತ್ತಿದ್ದಳು.

"ನಂಗೆ ಬೇಡ. ದಿವ್ಯಾಂಟಿ ಸಾರನ್ನ ಬೇಕು."

ದಿವ್ಯ, ಕೆಳಗಿನ ಮನೆಯ ಸೊಸೆ. ಮದುವೆಯಾಗಿ ಎಂಟು ವರ್ಷ, ಮಕ್ಕಳಿರಲಿಲ್ಲ. ಅವಳ ಅಡುಗೆಯಲ್ಲಿ ವಿಶೇಷವೆಂಬುದು ಏನೂ ಇರಲಿಲ್ಲ. ತಿಳಿಸಾರು, ಮೆತ್ತಗಿನ ಅನ್ನ, ಒಂದು ಚಮಚ ತುಪ್ಪ. ಮಧ್ಯಾಹ್ನ ಶಾಲೆಯ ವ್ಯಾನಿನಿಂದಿಳಿದ ಸಿರಿ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ನೇರ ದಿವ್ಯಳ ಹಿತ್ತಿಲಿಗೆ ಓಡಿ, ಒಗೆಯುವ ಕಲ್ಲಿನ ಮೇಲೆ ಕೂತು ಬಾಯಿ ತೆರೆಯುತ್ತಿದ್ದಳು. ದಿವ್ಯ ತುತ್ತು ಕಲಸಿ ಬಾಯಿಗಿಡುತ್ತಿದ್ದಳು. ಮೇಲೆ ಪಾತ್ರೆ ತೊಳೆಯುವ ಕಿಟಕಿಯಲ್ಲಿ ನಿಂತು ತನ್ಮಯಿ ನೋಡುತ್ತಿದ್ದಳು. ದಿನವೂ. ಗಂಡ ಬೇರೊಬ್ಬಳನ್ನು ನೋಡಿದರೆ ಜಗಳವಾಡಬಹುದು, ನಾಲ್ಕು ಜನಕ್ಕೆ ಹೇಳಿಕೊಂಡು ಅಳಬಹುದು. ಮಗಳು ಬೇರೊಬ್ಬಳ ಕೈತುತ್ತಿಗೆ ಬಾಯಿ ತೆರೆದರೆ ಯಾರಿಗೆ ಹೇಳುವುದು? ಹೇಳಿದರೂ, ಪಾಪ ಮಕ್ಕಳಿಲ್ಲದವಳು, ತಿನ್ನಿಸಲಿ ಬಿಡು ಎಂದಾರು. ಅವಳೂ ಬಾಯಲ್ಲಿ ಹಾಗೇ ಎನ್ನುತ್ತಿದ್ದಳು.

ಅಂದು ಅತ್ತೆ-ಸೊಸೆ ಒಬ್ಬಟ್ಟಿನ ಬೇಳೆ ಆರಿಸುತ್ತಿದ್ದಾಗ, ತನ್ಮಯಿ ತಳ್ಳುಗಾಡಿಯಿಂದ ಅಷ್ಟೇ ಗಾತ್ರದ ಇನ್ನೊಂದು ಬೂದುಗುಂಬಳ ತಂದಳು. ಹಳೆಯದರ ದಾರವನ್ನು ಕತ್ತರಿಯಿಂದ ಕತ್ತರಿಸಿದಳು. ಹೊಸದಕ್ಕೆ ಅದೇ ದಾರ ಸುತ್ತಿ, ಹಳೆಯ ಕಾಯಿ ತೂಗಿದ್ದ ಬಲೆಗೆ ತುರುಕಿ, ಗೋಣಿತಾಟಿನ ಮೇಲಿಟ್ಟಳು. ಏಳು ಗಂಟಿನ ಜಾಗದಲ್ಲಿ ಈಗ ಒಂದೇ ಗಂಟು. ಸಂಜೆ ರೇವಂತ ಅದನ್ನೇ ಒಡೆದು, ಹಿಂದಿರುಗಿ ನೋಡದೆ ಬಂದ.

ತುಂಬಿದ ಕಾಯಿ ಮೇಲಿನ ಅಡುಗೆಮನೆಯಲ್ಲಿತ್ತು.

ಪಕ್ಕದ ಕಟ್ಟಡ ಕೈಚಾಚಿದರೆ ಸಿಗುವಷ್ಟು ಹತ್ತಿರವಿದ್ದ ಆ ಅಡುಗೆಮನೆಗೆ ಹಾಡುಹಗಲಲ್ಲೂ ದೀಪ ಹಾಕಬೇಕು. ಹಬ್ಬ ಕಳೆದ ಮರುದಿನ ಮಧ್ಯಾಹ್ನ ತನ್ಮಯಿ ಮೊಬೈಲನ್ನು ಡಬ್ಬಕ್ಕೆ ಒರಗಿಸಿ, ಚಾಕು ಇಳಿಸಿದಳು. ದೀಪ ಒಮ್ಮೆ ಮಿನುಗಿ ಆರಿತು. ಕತ್ತಲಲ್ಲಿ ವಾಸನೆ ಮೊದಲು ಬಂತು. ಎಳೆ ಕಾಯಿಯ ತಣ್ಣನೆಯ ನೀರು ವಾಸನೆಯಲ್ಲ. ಬಾಗಿಲ ಹಿಂದೆ ಬಹಳ ಹೊತ್ತು ನಿಂತವರ ಬಿಸಿ ಉಸಿರಿನ ವಾಸನೆ. ಮತ್ತೆ ದೀಪ ಬಂದಾಗ ಅವಳು ಹೋಳುಗಳನ್ನು ನೋಡಿದಳು. ಪ್ರತಿ ಹೋಳಿನಲ್ಲೂ ಬೀಜಗಳ ಚೂಪುಮೂತಿ ಅವಳ ಕಡೆಗೇ ಇತ್ತು. ಅವಳು ಬದಿಗೆ ಸರಿದು ಇನ್ನೊಂದು ಹೋಳು ಕತ್ತರಿಸಿದಳು. ಅದರಲ್ಲೂ ಅವಳ ಕಡೆಗೇ.

"ಲೈಟಿನ ಆಟ," ಎಂದುಕೊಂಡು ಬೀಜ ಕೆರೆದು ಹಾಕಿದಳು.

ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೆ-ಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬಿದಳು. ತಿರುಳು ತುರಿದು, ಹಿಂಡಿ, ಉದ್ದಿನ ಹಿಟ್ಟು, ಇಂಗು, ಹಸಿಮೆಣಸಿನಕಾಯಿ ಬೆರೆಸಿ ತಾರಸಿಯ ಮೇಲೆ ಹಳೇ ಪಂಚೆಯಲ್ಲಿ ಸಂಡಿಗೆ ಇಟ್ಟಳು. ಆಚೆ ತಾರಸಿಯವರು ತಮ್ಮ ಹಪ್ಪಳಕ್ಕೆ ಕಾಗೆ ಓಡಿಸುತ್ತಿದ್ದರು. ಅವಳ ಪಂಚೆಯ ಹತ್ತಿರ ಒಂದು ಕಾಗೆಯೂ ಇಳಿಯಲಿಲ್ಲ.

ಚಟ್ನಿಯನ್ನು ಬಿಸಿ ಅನ್ನಕ್ಕೆ ಕಲಸಿ ತಿಂದಾಗ ನಾಲಿಗೆಗೆ ಮೊದಲು ಕಹಿ ತಾಗಿತು. ಆಮೇಲೆ ಸಿಹಿ. ಗಂಟಲಿಗಿಳಿದರೂ ಬಿಡದ ಸಿಹಿ. ಬಟ್ಟಲು ಬರಿದಾದ ಮೇಲೆ ಬೆರಳು ನೆಕ್ಕುತ್ತ ಅವಳು ಕಿಟಕಿಗೆ ಬಂದಳು. ಕೆಳಗೆ ದಿವ್ಯ ಸಾರಿನ ಪಾತ್ರೆ ಹಿಡಿದು ಬರುತ್ತಿದ್ದಳು. ಸಿರಿ ಕಲ್ಲಿನ ಮೇಲೆ ಕಾಲಾಡಿಸುತ್ತಿದ್ದಳು.

ತನ್ಮಯಿ ನೋಡಿದಳು, ಅಷ್ಟೆ.

ಪಾತ್ರೆ ಕೈಯಿಂದ ಜಾರಿ ಠಣ್ಣೆಂದು ಬಿತ್ತು. ಸಾರು ದಿವ್ಯಳ ಪಾದದ ಮೇಲೆ ಹರಿಯಿತು.

ಮರುದಿನ ಅವರ ಹಾಲು ಒಡೆಯಿತು. ಮೂರನೆಯ ದಿನ ಹಿತ್ತಿಲ ಕರಿಬೇವಿನ ಗಿಡ ಸುಟ್ಟಂತೆ ಕಪ್ಪಾಯಿತು. ಸಂಡಿಗೆ ಒಣಗಿ ಡಬ್ಬ ಸೇರಿತ್ತು. ತನ್ಮಯಿ ದಿನಕ್ಕೆ ನಾಲ್ಕು ಕರಿದು, ಕಿಟಕಿಯಲ್ಲಿ ನಿಂತು ಕರುಂ ಕರುಂ ಎಂದು ತಿನ್ನುತ್ತಿದ್ದಳು. ವಿಡಿಯೊ ಮಾತ್ರ ಹಾಕಲಿಲ್ಲ. ಯಾಕೋ ಇದನ್ನು ಯಾರೊಂದಿಗೂ ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ಏನಾಗುತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮಾಟವನ್ನು ನಂಬದಿರುವುದರಲ್ಲಿ ಒಂದು ಅನುಕೂಲವಿದೆ, ಮಾಡಿದ ಪಾಪವನ್ನೂ ನಂಬಬೇಕಿಲ್ಲ.

ಹತ್ತು ದಿನ ಕಳೆದ ಮೇಲೆ ದಿವ್ಯ ಮೇಲೆ ಬಂದಳು. ಮುಖ ಬಾಡಿತ್ತು.

"ಅಕ್ಕ, ನನ್ನ ಕೈಗೆ ಏನೋ ಆಗಿದೆ. ಏನ್ ಮಾಡಿದ್ರೂ ಕಹಿ ಆಗ್ತಿದೆ. ಸಿರಿ ನೆನ್ನೆ ತುತ್ತು ಉಗಿದ್ಬಿಟ್ಲು." ಅವಳು ಅಂಗೈ ತೋರಿಸಿದಳು. ಬೆರಳ ತುದಿಗಳಲ್ಲಿ ಚರ್ಮ ಬಿಳಿಯಾಗಿ, ಬೂದಿಯಂತೆ ಉದುರುತ್ತಿತ್ತು. "ನನ್ನ ಹತ್ರ ಬರೋದೇ ಬಿಟ್ಟಿದಾಳಕ್ಕ."

"ಸೋಪು ಬದಲಾಯಿಸಿ ದಿವ್ಯ. ಅಲರ್ಜಿ ಇರತ್ತೆ," ಎಂದಳು ತನ್ಮಯಿ. ಬೆನ್ನು ಸವರಿ ಕಾಫಿ ಕೊಟ್ಟಳು. ಆ ಹೆಂಗಸು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಬಾಗಿಲು ಹಾಕಿ, ತನಗೇ ಗೊತ್ತಿಲ್ಲದೆ ನಗುತ್ತಿದ್ದಳು. ಡಬ್ಬದ ತಳದಲ್ಲಿ ಎರಡೇ ಸಂಡಿಗೆ ಉಳಿದಿತ್ತು. ಎರಡನ್ನೂ ಕರಿದು ತಿಂದಳು.

ಭಾನುವಾರ ಮಧ್ಯಾಹ್ನ ಸಿರಿ ತಾನಾಗಿ ಬಂದು ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅಮ್ಮ, ಹೊಟ್ಟೆ ಹಸೀತಿದೆ. ಊಟ ಹಾಕು."

ತನ್ಮಯಿ ತಟ್ಟೆ ತೊಳೆದು ತಂದಳು. ಬಾಳೆಹೂವಿನ ಪಲ್ಯಕ್ಕೆ ಬಿಸಿ ಅನ್ನ, ತುಪ್ಪ ಹಾಕಿ ಕಲಸಿದಳು. ಮೊದಲ ತುತ್ತು. ಸಿರಿ ಮೂಗು ಮುರಿಯಲಿಲ್ಲ. ಎರಡನೆಯ ತುತ್ತು. ಮೂರನೆಯದು.

"ಚೆನ್ನಾಗಿದೆ ಅಮ್ಮ. ಇನ್ನೂ ಬೇಕು."

ಐದು ತಿಂಗಳಿಂದ ಕಾದ ಮಾತು. ತನ್ಮಯಿಗೆ ಕಣ್ಣು ತುಂಬಿ ಬಂತು. ಆಡುವ ಕೆನ್ನೆ, ತುಪ್ಪ ಮೆತ್ತಿದ ತುಟಿ, ತನ್ನ ಕೈಗಾಗಿ ತೆರೆದ ಬಾಯಿ. ಎಷ್ಟು ಚೆನ್ನಾಗಿ ತಿಂತಾಳೆ ನನ್ನ ಕೂಸು! ಅವಳು ಕಣ್ಣು ಕೀಳದೆ ನೋಡಿದಳು. ಕಣ್ತುಂಬ ನೋಡಿದಳು.

ಸಿರಿಯ ದವಡೆ ನಿಂತಿತು.

ಕೆಮ್ಮಲಿಲ್ಲ. ಅಳಲಿಲ್ಲ. ಬಾಯಿ ಹಾಗೇ ತೆರೆದಿತ್ತು. ನಾಲಿಗೆ ಬೆಳ್ಳಗಾಗುತ್ತಿತ್ತು. ಬೂದುಗುಂಬಳದ ತಿರುಳಿನಷ್ಟು ಬೆಳ್ಳಗೆ.

"ಸಿರಿ? ಸಿರೀ!"

ಬೆನ್ನಿಗೆ ಗುದ್ದಿದಳು. ನೀರು ಹಾಕಿದಳು. ನೀರು ಕಟವಾಯಿಯಿಂದ ಹರಿದುಹೋಯಿತು. ಮಗುವನ್ನು ಎತ್ತಿಕೊಂಡಳು. ಮೈ ತಣ್ಣಗಿತ್ತು. ಮೆಟ್ಟಿಲು. ಎಡವಿದಳು. ಎದ್ದಳು. "ಅಜ್ಜೀ! ದಿವ್ಯಾ!"

ದಿವ್ಯ ರೇವಂತನಿಗೆ ಫೋನು ಮಾಡಿ ಕಾರು ತರಲು ಕೂಗಿದಳು. ಪಾರ್ವತಮ್ಮ ಮಗುವಿನ ನಾಲಿಗೆ ನೋಡಿದ್ದೇ, ಕಾರಿಗೆ ಕಾಯಲಿಲ್ಲ. ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ನಿವಾಳಿಸತೊಡಗಿದರು.

"ನಾಯಿ ಕಣ್ಣು, ನರಿ ಕಣ್ಣು. ಬೀದಿ ಕಣ್ಣು, ಬಾಡಿಗೆ ಕಣ್ಣು. ಹೋದೋರ ಕಣ್ಣು, ಬಂದೋರ ಕಣ್ಣು..."

ಗ್ಯಾಸಿನ ಉರಿಗೆ ಹಿಡಿದ ಕಬ್ಬಿಣದ ಸೌಟಿಗೆ ಸುರಿದರು. ಮೆಣಸಿನಕಾಯಿ ಕಪ್ಪಾಯಿತು. ಹೊಗೆ ಎದ್ದಿತು. ಘಾಟು ಬರಲಿಲ್ಲ. ಒಂದಿಷ್ಟೂ ಇಲ್ಲ.

"ಘಾಟೇ ಇಲ್ವಲ್ಲ ಶಿವನೇ," ಎಂದರು ಮುದುಕಿ. ಇನ್ನೊಂದು ಹಿಡಿ ತೆಗೆದುಕೊಂಡರು. ನಿವಾಳಿಸುತ್ತ ಸೊಸೆಯ ಕಡೆ ತಿರುಗಿದರು. "ಮಕ್ಕಳಿಲ್ದೋರ ಕಣ್ಣು."

ದಿವ್ಯ ತಲೆ ತಗ್ಗಿಸಿದಳು. ಬೂದಿ ಉದುರುವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮೆಣಸಿನಕಾಯಿ ಸುಟ್ಟಿತು. ಘಾಟು ಇಲ್ಲ.

ಸಿರಿಯ ತುಟಿ ನೀಲಿಯಾಗಿತ್ತು. ಕಣ್ಣು ಮೇಲೆ ಸರಿಯುತ್ತಿತ್ತು. ಗೇಟಿನ ಹೊರಗೆ ಕಾರಿನ ಸದ್ದಿಲ್ಲ. ಉಸಿರು ತೆಳುವಾಯಿತು. ಇನ್ನೂ ತೆಳುವಾಯಿತು.

"ಅಜ್ಜಿ," ಎಂದಳು ತನ್ಮಯಿ. "ಇನ್ನೊಂದು ಕಣ್ಣಿದೆ. ಅದನ್ನೂ ಹೇಳಿ."

"ಯಾರ್ದು?"

"ಹೆತ್ತೋಳ್ದು."

ಪಾರ್ವತಮ್ಮ ಒಂದು ಕ್ಷಣ ಅವಳನ್ನೇ ದಿಟ್ಟಿಸಿದರು. ಆಮೇಲೆ ಮೂರನೆಯ ಹಿಡಿ ಎತ್ತಿದರು. "ಹೆತ್ತೋಳ ಕಣ್ಣು."

ಉಪ್ಪು ಚಟಪಟನೆ ಸಿಡಿಯಿತು. ಘಾಟು ಭುಗಿಲೆಂದು ಎದ್ದು ಮನೆ ತುಂಬಿತು. ಎಲ್ಲರೂ ಕೆಮ್ಮಿದರು. ಸಿರಿ ಕೆಮ್ಮಿದಳು. ಮತ್ತೆ ಕೆಮ್ಮಿದಳು. ನೆಲಕ್ಕೆ ಏನೋ ಬಿತ್ತು. ಬಿಳಿಯ, ಚಪ್ಪಟೆಯ, ಒದ್ದೆ ಬೀಜ. ಬೂದುಗುಂಬಳದ ಬೀಜ. ಚೂಪುಮೂತಿ ತನ್ಮಯಿಯ ಕಡೆಗಿತ್ತು.

ಆಸ್ಪತ್ರೆಯಲ್ಲಿ, ಸದ್ಯ ಬೀಜ ತಾನಾಗಿ ಹೊರಬಂತು, ತಿನ್ನಿಸುವಾಗ ಹುಷಾರಾಗಿರಿ ಎಂದು ಹೇಳಿ ಕಳಿಸಿದರು. ಸಿರಿ ನಿದ್ದೆಹೋದ ಮೇಲೆ ತನ್ಮಯಿ ಪಾರ್ವತಮ್ಮನ ಮುಂದೆ ಎಲ್ಲವನ್ನೂ ಹೇಳಿದಳು. ಬದಲಾಯಿಸಿದ ಕಾಯಿ, ಕತ್ತರಿಸಿದ ದಾರ, ಡಬ್ಬದ ಸಂಡಿಗೆ. ಮುದುಕಿ ಕೇಳಿದ್ದು ಒಂದೇ ಮಾತು.

"ಎಷ್ಟ್ ಉಳೀತು?"

"ಒಂದೂ ಇಲ್ಲ. ಎಲ್ಲ ತಿಂದೆ. ಯಲ್ಲಯ್ಯನ ಕರೆಸಿ ಅಜ್ಜಿ, ಎಷ್ಟಾದ್ರೂ ಆಗ್ಲಿ, ತೆಗೆಸಿ."

ಪಾರ್ವತಮ್ಮ ಒಳಗೆ ಹೋಗಿ ಯಲ್ಲಯ್ಯನಿಗೆ ಫೋನು ಮಾಡಿ ಬಂದರು. "ಕೇಳ್ದೆ ಕಣಮ್ಮ. ಕಾಯಾಗಿದ್ರೆ ಮೂರು ದಾರೀಲಿ ಒಡೆದು ಬರಬೋದಿತ್ತು ಅಂದ. ಈಗ ಕಾಯಿ ನೀನೇ ಆಗಿದ್ದೀಯಂತೆ." ಅವರು ಬಾಗಿಲ ಕಡೆ ನೋಡಿದರು. "ಈ ಮನೆ ಮ್ಯಾಲೆ ಐದು ತಿಂಗಳು ದಿನಾ ಕಣ್ಣಾಕಿದ್ದು ಬೀದಿಯೋರಲ್ಲ. ನಿನ್ನದನ್ನ ನೀನೇ ತಿಂದೆ. ಮಗು ಉಣ್ಣೋವಾಗ ಮಾತ್ರ ನೋಡ್ಬ್ಯಾಡ. ಯಾವತ್ತೂ ನೋಡ್ಬ್ಯಾಡ."

ದಿವ್ಯಳ ಬೆರಳಿಗೆ ಹೊಸ ಚರ್ಮ ಬಂತು. ಸಾರಿಗೆ ರುಚಿ ಬಂತು. ಸಿರಿ ಮತ್ತೆ ಎರಡು ಹೊತ್ತೂ ಕೆಳಗೆ ಉಣ್ಣತೊಡಗಿದಳು. ತನ್ಮಯಿ ಆಗ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ನೋಡುವುದಿಲ್ಲ, ಕೇಳಿಸಿಕೊಳ್ಳುವುದಕ್ಕಾದರೂ ಇರಲಿ. ತಟ್ಟೆಯ ಸದ್ದು, ಬಳೆಯ ಸದ್ದು, ಒಗ್ಗರಣೆಯ ಇಂಗಿನ ವಾಸನೆ.

"ಆ ಅನ್ನು ಪುಟ್ಟ. ಇದು ಕಾಗೆಗೆ, ಇದು ಗುಬ್ಬಿಗೆ..."

ಸಿರಿ ಕಿಲಕಿಲ ನಕ್ಕಳು. ತನ್ಮಯಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನ ಕತ್ತಲಲ್ಲಿ ದಿವ್ಯಳ ಕೈ ಕಂಡಿತು. ಕಲಸಿದ ತುತ್ತು ಕಂಡಿತು. ತೆರೆದ ಪುಟ್ಟ ಬಾಯಿ ಕಂಡಿತು. ತನ್ನದಾಗಬೇಕಿದ್ದ ತುತ್ತು. ನಾಲಿಗೆಯ ಬುಡದಲ್ಲಿ ಸಿಹಿ ಊರಿತು.

ಒಳಗೆ ಸಿರಿ ಒಮ್ಮೆ ಕೆಮ್ಮಿದಳು.

ತನ್ಮಯಿ ಎದ್ದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಬಾಗಿಲ ಮೇಲೆ ಹೊಸ ಕಾಯಿ ತೂಗುತ್ತಿತ್ತು. ಅದರ ಕೆಳಗೆ ಹಾದು, ಗೇಟು ತೆರೆದು, ಮೂರು ದಾರಿ ಕೂಡುವ ಕಡೆಗೆ ಹೆಜ್ಜೆ ಹಾಕಿದಳು. ಬಿಸಿಲಿಗೆ ಕಾದ ಟಾರು ಕಾಲು ಸುಡುತ್ತಿತ್ತು.

"ಅಮ್ಮಾ! ಎಲ್ಲಿಗ್ ಹೋಗ್ತಿದೀಯ? ತಟ್ಟೆ ಪೂರಾ ಖಾಲಿ ಮಾಡ್ದೆ! ನೋಡಿಲ್ಲಿ! ಅಮ್ಮಾ, ನೋಡು!"

ಅವಳು ಹಿಂದಿರುಗಿ ನೋಡಲಿಲ್ಲ.